ತಂಬೂರಿ ಕಪಾಟಿನ ಕೀಲಿ

ಮೂರು ದಶಕ ನಾನು ಒಂದು ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ತಬಲಾ ಸಾಥ್ ಮಾಡಿದೆ. ನಿವೃತ್ತಿಯ ದಿನ ಚಾರ್ಜು ಒಪ್ಪಿಸುವಾಗ ಗುಮಾಸ್ತರು ಒಂದು ದಪ್ಪ ಪುಸ್ತಕ ಮುಂದಿಟ್ಟು "ಇಲ್ಲೊಂದು ಸಹಿ ಮಾಡ್ರಿ" ಅಂದರು. ಡೆಡ್ ಸ್ಟಾಕ್ ರಿಜಿಸ್ಟರ್. ಸರಕಾರಿ ಕಚೇರಿಯ ಗಾಳಿ ಕುಡಿದವರಿಗೆಲ್ಲ ಅದು ಗೊತ್ತು. ಕುರ್ಚಿ, ಮೇಜು, ಫ್ಯಾನು, ಗೋಡೆ ಗಡಿಯಾರ, ಹೀಗೆ ಬಳಸಿ ಮುಗಿದುಹೋಗದ ಸಾಮಾನೆಲ್ಲ ಅದರಲ್ಲಿ ದಾಖಲಾಗುತ್ತದೆ. ಕಬ್ಬಿಣದ ಕಪಾಟಿಗೂ ಪ್ಲಾಸ್ಟಿಕ್ ಕುರ್ಚಿಗೂ ನಡುವೆ ಒಂದು ಸಾಲು ಇತ್ತು: ತಂಬೂರಿ, 6.

ಆರರಲ್ಲಿ ನಾಲ್ಕರ ದನಿಯನ್ನು ನಾನು ಕೇಳಿದ್ದೇ ಅಪರೂಪ. ಗಾಜಿನ ಕಪಾಟಿನೊಳಗೆ, ತಂತಿ ಸಡಿಲಿಸಿಕೊಂಡು, ಕುಂಬಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಸಿಕೊಂಡು ನಿಂತಿರುತ್ತಿದ್ದವು. ನ್ಯಾಕ್ ಮೌಲ್ಯಮಾಪನದ ತಂಡ ಬರುವ ದಿನ ಮಾತ್ರ ಹೊರಗೆ ಬಂದು, ಧೂಳು ಒರೆಸಿಕೊಂಡು, ಹೂವು ಏರಿಸಿಕೊಂಡು ಮತ್ತೆ ಒಳಗೆ ಹೋಗುತ್ತಿದ್ದವು. ನಾನು ಸಹಿ ಮಾಡಿ ಶಾಲು ಹೊದ್ದುಕೊಂಡು ಮನೆಗೆ ಬಂದೆ. ಆ ಸಹಿ ಮಾತ್ರ ಅಂದಿನಿಂದ ನನ್ನನ್ನು ಸುಮ್ಮನೆ ಕೂಡಗೊಟ್ಟಿಲ್ಲ.

ಒಬ್ಬ ಹುಡುಗಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಹೆಸರು ಬೇಡ. ಅವಳ ತಂದೆ ಊರಿನ ಭಜನಾ ಮೇಳದಲ್ಲಿ ಪೇಟಿ ನುಡಿಸುತ್ತಿದ್ದರು. ಮಂದ್ರದಲ್ಲಿ ಅವಳ ಕಂಠ ಗುಂಯ್‌ಗುಡುತ್ತಿತ್ತು; ನನ್ನ ಡಗ್ಗಾಕ್ಕೆ ಅದು ಸರಿಜೋಡಿ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನಸುಕಿನಲ್ಲಿ ಎದ್ದು ಖರ್ಜ ಸಾಧನೆ (ಮಂದ್ರ ಸ್ವರಗಳ ಅಭ್ಯಾಸ) ಮಾಡು ಎಂದು ಗುರುಗಳು ಹೇಳಿದರು. ಎಲ್ಲಿ ಕೂತು ಮಾಡಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಹಾಸ್ಟೆಲ್ಲಿನ ಒಂದು ಕೋಣೆಗೆ ನಾಲ್ವರು. ಒಬ್ಬಳು ಬ್ಯಾಂಕಿನ ಪರೀಕ್ಷೆಗೆ ರಾತ್ರಿ ಎರಡರವರೆಗೆ ಓದಿ ಮಲಗುವವಳು. ಐದಕ್ಕೆ ಕಿವಿಯ ಹತ್ತಿರ ಷಡ್ಜ ಹಿಡಿದರೆ ಆ ಪಾಪದ ಹುಡುಗಿ ಏನು ಮಾಡಬೇಕು? ಇವಳು ತಾರಸಿ ಹತ್ತಿ ನೀರಿನ ಟಾಕಿಯ ಪಕ್ಕ ಕೂತಳು. ವಾರದೊಳಗೆ ವಾರ್ಡನ್ನರಿಗೆ ದೂರು ಹೋಗಿ ತಾರಸಿಗೆ ಬೀಗ ಬಿತ್ತು. ವಿಭಾಗಕ್ಕೆ ಬಂದರೆ ಅದರ ಬಾಗಿಲು ತೆರೆಯುವುದು ಹತ್ತಕ್ಕೆ, ಮುಚ್ಚುವುದು ಐದೂವರೆಗೆ. ಭೈರವದ ಹೊತ್ತಿಗೆ ಇನ್ನೂ ತೆರೆದಿರುವುದಿಲ್ಲ, ಯಮನ್ ಹೊತ್ತಿಗೆ ಆಗಲೇ ಮುಚ್ಚಿರುತ್ತದೆ. ಎಲ್.ಐ.ಸಿ. ಕಚೇರಿಯ ವೇಳೆಯಲ್ಲಿ ಸಂಗೀತ ಕಲಿಸುವ ಜಾಣತನ ಯಾರದೋ ನನಗೆ ಗೊತ್ತಿಲ್ಲ.

"ಬಾಯಿಗೆ ದಿಂಬು ಹಿಡ್ಕೊಂಡು ಮಾಡ್ತೀನ್ರೀ ಸರ್, ಯಾರಿಗೂ ಕೇಳ್ಸೂದಿಲ್ಲ" ಅಂದಳು ಒಂದು ದಿನ, ನಗುತ್ತ. ನಾನೂ ನಕ್ಕೆ.

ವರ್ಷ ಮುಗಿಯುವ ಹೊತ್ತಿಗೆ ಅವಳ ದನಿ ಒಳಗೆ ಸರಿದಿತ್ತು. ಎರಡನೆಯ ವರ್ಷಕ್ಕೆ ಬರಲಿಲ್ಲ. ಒಂದು ಕೀಲಿಯ ಮಾತಾಗಿತ್ತು ಅದು. ಮುಖ್ಯಸ್ಥರ ಕೋಣೆಗೆ ಹೋಗಿ "ಮುಂಜಾನೆ ನಾನು ಬಂದು ಬಾಗಿಲು ತೆಗೀತೀನ್ರೀ, ನನ್ನ ಜವಾಬ್ದಾರಿ" ಎಂದಿದ್ದರೆ ಅವರು ಇಲ್ಲವೆನ್ನುತ್ತಿರಲಿಲ್ಲವೇನೋ. ನಾನು ಕೇಳಲೇ ಇಲ್ಲ. ಆದ್ದರಿಂದ ಮುಂದೆ ಬರುವ ಮಾತುಗಳಲ್ಲಿ ಯಾರಿಗಾದರೂ ಬೈಗುಳ ಕೇಳಿಸಿದರೆ, ಅದರ ಮೊದಲ ಪಾಲು ನನ್ನದೆಂದು ತಿಳಿಯಿರಿ.

ಹಿಂದಿನ ಕಾಲವನ್ನು ಹೊಗಳಲು ನಾನು ಕೂತಿಲ್ಲ. ಗುರುವಿನ ಮನೆಯಲ್ಲಿ ನೀರು ಹೊರಿಸುವುದಿತ್ತು, ಹೊಡೆತವಿತ್ತು, ಒಂದು ಪಲಟಾ ಕಲಿಯಲು ವರ್ಷಗಟ್ಟಲೆ ಕಾಯುವುದಿತ್ತು, ಜಾತಿ ಕೇಳಿ ಬಾಗಿಲು ಹಾಕುವುದೂ ಇತ್ತು. ಆದರೆ ಒಮ್ಮೆ ಒಳಗೆ ಕರೆದುಕೊಂಡ ಮನೆ ಊಟ ಹಾಕುತ್ತಿತ್ತು, ಮಲಗಲು ಜಾಗ ಕೊಡುತ್ತಿತ್ತು, ಮೂಲೆಯ ತಂಬೂರಿಯನ್ನು ಕೈಗೆ ಕೊಡುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕಿವಿ ಹಗಲೂ ರಾತ್ರಿ ಎಚ್ಚರವಿರುತ್ತಿತ್ತು. ಒಳಕೋಣೆಯಿಂದಲೇ "ಗಾಂಧಾರ ಇಳೀತು ನೋಡು" ಎಂಬ ಮಾತು ಬರುತ್ತಿತ್ತು. ಕಲಿಯುವವರ ಖರ್ಚನ್ನು ಯಾರೋ ಒಬ್ಬರು ಯಾವಾಗಲೂ ಹೊತ್ತುಕೊಂಡಿದ್ದಾರೆ. ನಮ್ಮ ಸಂಗೀತದ ಚರಿತ್ರೆಯನ್ನು ರಾಗ, ಘರಾಣೆಗಳ ಕಥೆಯಾಗಿ ಬರೆದಿದ್ದೇವೆ. ಅದನ್ನು ಅನ್ನದ ಲೆಕ್ಕವಾಗಿಯೂ ಬರೆಯಬಹುದು.

ಅಂಬಾಬಾಯಿಯವರನ್ನು ನೆನೆಯಿರಿ. ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಗಂಗೂಬಾಯಿ ಹಾನಗಲ್ ಹಿಂದೂಸ್ತಾನಿ ಕಲಿಯಲು ತೊಡಗಿದಾಗ, ತಮ್ಮ ಹಾಡು ಮಗಳ ಹಾಡಿನೊಳಗೆ ನುಸುಳಬಾರದೆಂದು ತಾವೇ ಹಾಡುವುದನ್ನು ಬಿಟ್ಟುಬಿಟ್ಟರು. ಒಬ್ಬ ವಿದ್ಯಾರ್ಥಿನಿಗೆ ಈ ನೆಲದಲ್ಲಿ ಸಿಕ್ಕ ಅತಿ ದೊಡ್ಡ ವಿದ್ಯಾರ್ಥಿವೇತನ ಅದು. ಅದನ್ನು ಕೊಟ್ಟದ್ದು ಯಾವ ನಿಧಿಯೂ ಅಲ್ಲ, ತಾಯಿಯ ಮುಚ್ಚಿದ ಬಾಯಿ. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಪಾಠ ಮುಗಿದು ಕತ್ತಲಾದರೆ ಅಲ್ಲೇ ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಸ್ಟೇಷನ್ನಿನವರೆಗೆ ಜೊತೆಗೆ ಬರುತ್ತಿದ್ದ ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಜೊತೆಗೆ ನಡೆದುಬರುವ ಒಬ್ಬ ಸಹಪಾಠಿಯಿದ್ದಾನೆ ಎನ್ನುವುದೂ ಒಂದು ಬಗೆಯ ಆಸರೆಯೇ.

ಗದಗಿನ ಗವಾಯಿಗಳದಂತೂ ಬೇರೆಯೇ ಕಥೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಸುತ್ತ ಕಲೆತ ಅಂಧ, ಅನಾಥ ಮಕ್ಕಳ ಹೊಟ್ಟೆಗೆ ದಾರಿಯೇನು? ನಾಟಕ ಕಂಪನಿ ಕಟ್ಟಿದರು! ಊರೂರು ತಿರುಗಿ ಆಟ ಆಡಿಸಿ, ಬಂದ ದುಡ್ಡಿನಲ್ಲಿ ರೊಟ್ಟಿ ಹಾಕಿ ಸ್ವರ ಕಲಿಸಿದರು. ಬಸವರಾಜ ರಾಜಗುರು ಅವರು ಬಂದದ್ದು ಆ ಗರಡಿಯಿಂದ. 1944ರಲ್ಲಿ ಗವಾಯಿಗಳು ಹೋದ ಮೇಲೆ ಅವರ ಶಿಷ್ಯ ಪುಟ್ಟರಾಜರು ಅದೇ ಭಾರ ಹೊತ್ತು 2010ರವರೆಗೆ ನಡೆಸಿದರು. ಗದಗಿನ ಅವರ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದಿಗೂ ಮಕ್ಕಳಿಗೆ ಊಟ, ವಸತಿ, ಪಾಠಕ್ಕೆ ಕಾಸು ಕೇಳುವುದಿಲ್ಲ. ಇನ್ನೂ ಹಿಂದೆ, 1901ರಲ್ಲಿ, ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ವಿಷ್ಣು ದಿಗಂಬರ ಪಲುಸ್ಕರರು ಶಿಷ್ಯರನ್ನು ಸಾಕಲು ತಮ್ಮ ಕಚೇರಿಗಳ ಗಳಿಕೆಯನ್ನೆಲ್ಲ ಸುರಿದು ಸಾಲಗಾರರಾದರು. ಮುಂಬೈಯಲ್ಲಿ ಕಟ್ಟಿಸಿದ ಕಟ್ಟಡ ಕೊನೆಗೆ ಆ ಸಾಲಕ್ಕೇ ಹೋಯಿತು. ಗವಾಯಿಗಳಿಗೆ ಕಣ್ಣಿರಲಿಲ್ಲ, ಪಲುಸ್ಕರರ ಕಣ್ಣು ಕೆಟ್ಟಿತ್ತು. ಹಸಿವು ಮಾತ್ರ ಅವರಿಗೆ ಚೆನ್ನಾಗಿ ಕಾಣಿಸುತ್ತಿತ್ತು.

ಆಮೇಲೆ ವಿಶ್ವವಿದ್ಯಾಲಯ ಬಂತು. ಬಂದದ್ದು ಒಳ್ಳೆಯದೇ ಆಯಿತು. ಯಾರ ಜಾತಿಯನ್ನೂ ಕೇಳದೆ ಬಾಗಿಲು ತೆರೆಯಿತು. ಹೆಣ್ಣುಮಕ್ಕಳು ಯಾರ ಅಂಗಳವನ್ನೂ ಗುಡಿಸದೆ ಕಲಿಯುವಂತಾಯಿತು. ಶಾಲೆಯ ಓದು ಪ್ರಾಥಮಿಕ ತರಗತಿಗಳಿಗೇ ನಿಂತಿದ್ದ ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿಯವರನ್ನೂ ಕರ್ನಾಟಕ ವಿಶ್ವವಿದ್ಯಾಲಯ ಗೌರವದಿಂದ ಕರೆದು ಗುರುಪೀಠದಲ್ಲಿ ಕೂಡಿಸಿತು. ಅದೇ ಗಂಗೂಬಾಯಿಯವರ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆಂದೇ ಒಂದು ವಿಶ್ವವಿದ್ಯಾಲಯ ಇದೆ. ಅಂದು ವಿದ್ಯಾರ್ಹತೆಯ ನಿಯಮಕ್ಕಿಂತ ದೊಡ್ಡದನ್ನು ನೋಡುವ ಕಣ್ಣು ವಿಶ್ವವಿದ್ಯಾಲಯಕ್ಕೆ ಇತ್ತು. ಇಂದು ಬಾಗಿಲು ತೆರೆಯುವ ವೇಳೆಯನ್ನು ಬದಲಿಸಲೂ ಸುತ್ತೋಲೆ ಬೇಕು ಅನ್ನುತ್ತೇವೆ. ಗುರುವಿನ ಮನೆಯಿಂದ ನಾವು ಪಾಠವನ್ನು ಎತ್ತಿಕೊಂಡು ಬಂದೆವು, ಪರೀಕ್ಷೆಯನ್ನು ಸೇರಿಸಿದೆವು. ಅಡುಗೆಮನೆಯನ್ನು, ಮೂಲೆಯ ತಂಬೂರಿಯನ್ನು, ಒಳಕೋಣೆಯ ಆ ಕಿವಿಯನ್ನು ಅಲ್ಲೇ ಬಿಟ್ಟುಬಂದೆವು.

ಪಾಠದ ಗಣಿತವನ್ನೇ ನೋಡಿ. ತಬಲಾದವನಾಗಿ ಲೆಕ್ಕ ನನ್ನ ಕಸುಬು. ಒಂದು ತಾಸಿನ ತರಗತಿ, ಹದಿನೈದು ಜನ. ತಲೆಗೆ ನಾಲ್ಕು ನಿಮಿಷ. ಕಿರಾಣಾ ಘರಾಣೆಯವರು ಇಷ್ಟಪಡುವ ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಯ ಒಂದು ಆವರ್ತನ ತಿರುಗಿ ಸಮಕ್ಕೆ ಬರಲು ಹತ್ತಿರ ಹತ್ತಿರ ಒಂದು ನಿಮಿಷ. ಅಂದರೆ ಒಬ್ಬ ವಿದ್ಯಾರ್ಥಿಗೆ ಸಿಗುವುದು ನಾಲ್ಕು ಆವರ್ತನ. ಒಂದರಲ್ಲಿ ಹೆದರಿಕೆ ಕಳೆಯುತ್ತದೆ, ಇನ್ನೊಂದರಲ್ಲಿ ಶ್ರುತಿ ಕೂಡುತ್ತದೆ, ಮೂರನೆಯದರಲ್ಲಿ ಸಮ ತಪ್ಪುತ್ತದೆ, ನಾಲ್ಕನೆಯದರಲ್ಲಿ ಗಂಟೆ ಬಾರಿಸುತ್ತದೆ. ತರಗತಿಯ ಹೊರಗೆ ಸಾಥಿನೊಂದಿಗೆ ಹಾಡುವ ಅವಕಾಶವಿಲ್ಲದಿದ್ದರೆ ಅವನು ಕಲಿಯುವುದಾದರೂ ಯಾವಾಗ? ಸಾಥಿಗೆ ಜನ ಬೇಕು. ಪೇಟಿಯವರಿಗೂ ತಬಲಾದವರಿಗೂ ತರಗತಿಗೆ ಇಷ್ಟು ಎಂದು ಕೂಲಿ ಕಟ್ಟಿ, ಅದನ್ನೂ ತಿಂಗಳುಗಟ್ಟಲೆ ತಡೆದು ಕೊಡುವ ರೂಢಿ ಇರುವವರೆಗೆ "ಸಂಜೆ ಸ್ವಲ್ಪ ಹೊತ್ತು ಕೂಡ್ರಿ" ಎಂದು ಯಾವ ಬಾಯಿಂದ ಕೇಳುವುದು? ಇಂಥವರಿಗೆ ಅತಿಥಿ ಉಪನ್ಯಾಸಕ ಎಂಬ ಹೆಸರನ್ನು ಇಟ್ಟವನು ಹಾಸ್ಯಗಾರನೇ ಇರಬೇಕು. ಅತಿಥಿಯನ್ನು ಹೀಗೆ ನಡೆಸಿಕೊಳ್ಳುವ ಮನೆ ನಮ್ಮ ಸೀಮೆಯಲ್ಲಿ ಬೇರೊಂದಿಲ್ಲ. ವಿದ್ಯಾರ್ಥಿಗೆ ಆಸರೆ ಕೊಡಬೇಕಾದವನೇ ಆಸರೆಗಾಗಿ ಅರ್ಜಿ ಹಿಡಿದು ನಿಂತಿದ್ದಾನೆ.

ವಾದ್ಯದ ಮಾತು. ನಮ್ಮ ಭಾಗದ ತಂಬೂರಿಗಳು ಬಹಳಷ್ಟು ಮೀರಜದವು. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿ.ಐ. ಮಾನ್ಯತೆಯೂ ಸಿಕ್ಕಿತು. ಮೀರಜ ನಮಗೆ ಒಂದು ರಾತ್ರಿಯ ರೈಲಿನಷ್ಟೂ ದೂರವಲ್ಲ. ಆದರೆ ತಂಬೂರಿಯ ಒಂದು ತಂತಿ ಕಡಿದರೆ ಮೂರು ಕೊಟೇಶನ್ ತರಬೇಕು, ಟಿಪ್ಪಣಿ ಮಂಡಿಸಬೇಕು, ಹಣಕಾಸು ವಿಭಾಗದ ಒಪ್ಪಿಗೆಗೆ ಕಾಯಬೇಕು. ಜವಾರಿ ಕೆಟ್ಟರಂತೂ ಕಥೆ ಮುಗಿಯಿತು. ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ದಾರ ಕೂಡಿಸಿ ಆ ಝೇಂಕಾರವನ್ನು ಮರಳಿ ತರುವ ಕೈಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಕೊಡುವುದು ಎಂದು ಕಚೇರಿಗೆ ತಿಳಿಯುವುದಿಲ್ಲ. ಆದ್ದರಿಂದ ಮಕ್ಕಳು ಮೊಬೈಲಿನಲ್ಲಿ ತಂಬೂರಿ ಹಚ್ಚುತ್ತಾರೆ. ಯಂತ್ರವನ್ನು ನಾನು ಹಳಿಯುವುದಿಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಮಾಡಿದ ಎಲೆಕ್ಟ್ರಾನಿಕ್ ಶ್ರುತಿ ಎಷ್ಟೋ ಬಡವರ ಮನೆಗೆ ಷಡ್ಜ ತಂದುಕೊಟ್ಟಿತು. ಆದರೆ ತನ್ನ ಕಿವಿಯಿಂದಲೇ ತಂಬೂರಿ ಕೂಡಿಸುವುದನ್ನು ಕಲಿಯದೆ, ಆ ಖರ್ಜದ ತಂತಿಯೊಳಗಿಂದ ಗಾಂಧಾರ ತಾನಾಗಿ ಏಳುವುದನ್ನು ಒಮ್ಮೆಯೂ ಕೇಳದೆ, ಸಂಗೀತದ ಪದವಿ ಪಡೆದು ಹೋಗುವವರಿದ್ದಾರೆ. ಕಪಾಟಿನಲ್ಲಿ ಆರು ತಂಬೂರಿ ಇಟ್ಟುಕೊಂಡೇ ಅವರನ್ನು ಹಾಗೆ ಕಳಿಸಿದ್ದೇವೆ. ಗ್ರಂಥಾಲಯದಿಂದ ಪುಸ್ತಕ ಮನೆಗೆ ಕೊಡುತ್ತೇವೆ, ಹರಿದರೆ ಅಂಟಿಸುತ್ತೇವೆ. ತಂಬೂರಿಯನ್ನು ಮಾತ್ರ ಕೊಡುವುದಿಲ್ಲ. ಒಡೆದರೆ? ಒಡೆಯಲಿ, ಸ್ವಾಮಿ. ಹಾಡುತ್ತ ಒಡೆದ ತಂಬೂರಿಗೆ ಒಂದು ಮರ್ಯಾದೆಯಾದರೂ ಇರುತ್ತದೆ.

ಮೈಯ ಮಾತನ್ನು ಸಂಗೀತಗಾರರು ಆಡುವುದಿಲ್ಲ. ಕ್ರೀಡಾ ವಿಭಾಗದ ಹುಡುಗನ ಮೊಣಕಾಲು ನೊಂದರೆ ಫಿಸಿಯೋ ಬರುತ್ತಾನೆ. ಹಾಡುವ ಹುಡುಗಿಯ ಕಂಠ ಒಡೆದರೆ "ರಿಯಾಜ್ ಸಾಲದು" ಎಂಬ ಉತ್ತರ ಬರುತ್ತದೆ. ದನಿ ಎರಡು ಮೂರು ವಾರ ಸರಿಹೋಗದಿದ್ದರೆ ಅದು ಕಿವಿ-ಮೂಗು-ಗಂಟಲಿನ ವೈದ್ಯರು ನೋಡಬೇಕಾದ ವಿಷಯ, ಜ್ಯೇಷ್ಠಮಧು ಜಗಿದು ಮುಗಿಸುವಂಥದ್ದಲ್ಲ. ಗಂಗೂಬಾಯಿಯವರ ಎಳೆಯ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡಸಾದದ್ದನ್ನು ನಾವು ಪವಾಡದ ಹಾಗೆ ಹೇಳಿಕೊಳ್ಳುತ್ತೇವೆ. ಅದು ಅವರ ಎದೆಗಾರಿಕೆ. ಎಲ್ಲ ಮಕ್ಕಳಿಗೂ ಅದನ್ನೇ ಚಿಕಿತ್ಸೆಯೆಂದು ಬರೆದುಕೊಡಲಾಗದು. ಕಿವಿಯದೂ ಹಾಗೆಯೇ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಇರಬಾರದೆಂಬುದು ತಜ್ಞರ ಮಿತಿ, ಮತ್ತೆ ಮೂರು ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ ಹತ್ತು ಜೋಡಿ ತಬಲಾ ಒಟ್ಟಿಗೆ ಬಾರಿಸುವಾಗ ನಾವು ಯಾರೂ ಅಳೆದು ನೋಡಲಿಲ್ಲ. ಈಗ ನನ್ನ ಬಲಗಿವಿಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ. ಅದರಿಂದ ಲಾಭವೂ ಇದೆ, ಬಿಡಿ.

ಇನ್ನು ಮನಸ್ಸು. ತನ್ನ ಮೈಯೇ ವಾದ್ಯವಾದವರಿಗೆ "ನಿನ್ನ ಹಾಡು ಚೆನ್ನಾಗಿಲ್ಲ" ಎಂಬ ಮಾತು "ನೀನು ಚೆನ್ನಾಗಿಲ್ಲ" ಎಂದು ಕೇಳಿಸುತ್ತದೆ. ಪದವಿ ಮುಗಿಸಿದರೆ ಉದ್ಯೋಗವೇನು ಎಂಬ ಪ್ರಶ್ನೆ ಪ್ರತಿ ಹಬ್ಬಕ್ಕೂ ಮನೆಯಲ್ಲಿ ಎದುರಾಗುತ್ತದೆ. ರಾತ್ರಿ ನಿದ್ದೆ ಬಾರದ ಮಕ್ಕಳು ನಮ್ಮಲ್ಲಿದ್ದರು. ನಾವು ಅವರಿಗೆ ಮೂಡಿ ಎಂದು ಹೆಸರಿಟ್ಟು ಸುಮ್ಮನಾದೆವು. 2022ರಿಂದ 14416 ಎಂಬ ಟೆಲಿ-ಮಾನಸ್ ಸಹಾಯವಾಣಿ ಇದೆ, ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಐದು ಅಂಕಿಯನ್ನು ವಿಭಾಗದ ಗೋಡೆಯ ಮೇಲೆ ತ್ಯಾಗರಾಜರ ಪಟದ ಪಕ್ಕ ಬರೆಸಲು ಯಾವ ಅನುದಾನ ಬೇಕು?

ಒಂದು ಮಾತನ್ನು ತಗ್ಗಿದ ದನಿಯಲ್ಲಿ ಆಡುವುದು ನಮ್ಮ ರೂಢಿ. ಇಲ್ಲಿ ಗಟ್ಟಿಯಾಗಿ ಆಡುತ್ತೇನೆ. ಗುರು ಎಂಬ ಹೆಸರಿನ ಮರೆಯಲ್ಲಿ ಕೈ ಹಿಡಿಯುವವರಿದ್ದಾರೆ, ಒಬ್ಬಳನ್ನೇ ಮನೆಗೆ ಪಾಠಕ್ಕೆ ಕರೆಯುವವರಿದ್ದಾರೆ, "ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಂಡ್ರ ಸಂಗೀತ ಬರೂದಿಲ್ಲ" ಎನ್ನುವವರಿದ್ದಾರೆ. ಪಾದ ಮುಟ್ಟಿಸಿಕೊಂಡವರ ಮೇಲೆ ದೂರು ಕೊಡುವುದು ಎಷ್ಟು ಕಷ್ಟವೆಂದು ಬಲ್ಲೆವು, ಬಲ್ಲೆವೆಂದೇ ಸುಮ್ಮನಿದ್ದೆವು. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಇದೆ, 2015ರ ಯು.ಜಿ.ಸಿ. ನಿಯಮಗಳಿವೆ, ಪ್ರತಿ ವಿಶ್ವವಿದ್ಯಾಲಯದಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂಬ ಮಿತಿ ಇದೆ, ಕಾರಣವಿದ್ದರೆ ಸಮಿತಿ ಅದನ್ನು ಇನ್ನು ಮೂರು ತಿಂಗಳು ಹಿಗ್ಗಿಸಬಹುದು. ಸಮಿತಿಯಲ್ಲಿ ಯಾರಿದ್ದಾರೆ ಎಂಬ ಹಾಳೆಯನ್ನು ನೋಟಿಸ್ ಬೋರ್ಡಿನಲ್ಲಿ ಟೈಮ್‌ಟೇಬಲಿನ ಹಿಂದೆ ಚುಚ್ಚಬೇಡಿ. ಪ್ರವೇಶದ ಮೊದಲ ದಿನ, ಎಲ್ಲ ಗುರುಗಳೂ ಕೂತಿರುವಾಗ, ಗಟ್ಟಿಯಾಗಿ ಓದಿ ಹೇಳಿ. ಯಾರ ಮುಖ ಬಾಡುತ್ತದೋ ನೋಡಿಕೊಳ್ಳಿ.

ಗವಾಯಿಗಳ ನಾಡಿನಲ್ಲಿ ಕಣ್ಣಿಲ್ಲದ ವಿದ್ಯಾರ್ಥಿ ಸಂಗೀತ ಶಾಸ್ತ್ರದ ಪೇಪರಿಗೆ ಬರೆಯುವವರನ್ನು ಹುಡುಕಿಕೊಂಡು ಹಿಂದಿನ ಸಂಜೆ ಅಲೆಯುವುದನ್ನು ನಾನು ಕಂಡಿದ್ದೇನೆ. ಅಂಗವಿಕಲರ ಹಕ್ಕುಗಳ 2016ರ ಕಾನೂನು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅವರಿಗೆ ಕನಿಷ್ಠ ನೂರಕ್ಕೆ 5 ಸೀಟು ಇಡುತ್ತದೆ. ಬರೆಯಲು ಸಹಾಯಕರು, ತಾಸಿಗೆ 20 ನಿಮಿಷ ಹೆಚ್ಚಿನ ವೇಳೆ ಅವರ ಹಕ್ಕು. ಸೀಟು ಕೊಟ್ಟು ಮೆಟ್ಟಿಲ ಕೆಳಗೆ ನಿಲ್ಲಿಸಿದರೆ ಅದು ಪ್ರವೇಶವಲ್ಲ.

ಈಗ ಕರೆ.

ಸಿಂಡಿಕೇಟಿನಲ್ಲಿ ಕೂತವರೇ, ನಿಮ್ಮ ಪ್ರತಿ ಸಮಾರಂಭದಲ್ಲಿ ನಾಡಗೀತೆ ಹಾಡುವವರು ಈ ಮಕ್ಕಳು. ಘಟಿಕೋತ್ಸವಕ್ಕೆ, ಸಚಿವರು ಬರುವ ದಿನಕ್ಕೆ, ಕಟ್ಟಡದ ಉದ್ಘಾಟನೆಗೆ ಬೆಳಿಗ್ಗೆ ಏಳಕ್ಕೆ ರೇಷ್ಮೆ ಸೀರೆ ಉಡಿಸಿ ನಿಲ್ಲಿಸುತ್ತೀರಿ, ಅತಿಥಿಗಳು ಹನ್ನೊಂದಕ್ಕೆ ಬರುತ್ತಾರೆ, ಹಾಡಿದವರಿಗೆ ಒಂದು ಪ್ಲೇಟು ಉಪ್ಪಿಟ್ಟು. ಮುಂದಿನ ಸಮಾರಂಭಕ್ಕೆ ಮೊದಲು ಅವರು ಎಲ್ಲಿ ರಿಯಾಜ್ ಮಾಡುತ್ತಾರೆಂದು ಹೋಗಿ ನೋಡಿ. ನಸುಕಿನ ಐದರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ನಾಲ್ಕು ಕೋಣೆ ತೆರೆದಿಡಿ. ಹೊಸ ಕಟ್ಟಡ ಬೇಡ. ಇದ್ದ ಕಟ್ಟಡದ ಬೀಗ ತೆಗೆಯಿರಿ, ಗೇಟಿನಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ.

ದೊಡ್ಡ ಹೆಸರಿನ ಕಲಾವಿದರೇ, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಹಾಡದ ತಂಬೂರಿ ಇದೆ? ಗುರುಗಳದ್ದು, ಕೊಡಲಾಗದು ಅನ್ನುತ್ತೀರಿ. ಗುರುಗಳದ್ದಾದ್ದರಿಂದಲೇ ಅದು ಹಾಡುವ ಕೈಗೆ ಹೋಗಬೇಕು. ವರ್ಷಕ್ಕೆ ಒಂದು ಕಚೇರಿಯ ಗೌರವಧನವನ್ನು ನಿಮ್ಮ ಹಳೆಯ ವಿಭಾಗದ ಸಾಥಿದಾರರಿಗೆಂದು ಬರೆದುಕೊಡಿ. ಸಂಗೀತ ಸಭೆಗಳವರೇ, ಸಂಜೆಯ ದೊಡ್ಡ ಬೈಠಕ್‌ಗೆ ಮುಂಚಿನ ಅರ್ಧ ತಾಸನ್ನು ಒಬ್ಬ ವಿದ್ಯಾರ್ಥಿಗೆ ಬಿಡಿ, ಮತ್ತೆ ಆ ಅರ್ಧ ತಾಸಿಗೂ ದುಡ್ಡು ಕೊಡಿ. ಅವಕಾಶ ಕೊಟ್ಟೆವಲ್ಲ ಎಂದು ಬೆನ್ನು ತಟ್ಟಿ ಕಳಿಸಬೇಡಿ, ಊರಿಗೆ ಹೋಗುವ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. 1950ರಿಂದ ಧಾರವಾಡ ಆಕಾಶವಾಣಿಯಲ್ಲಿ ಹಾಡಿದವರ ದನಿಗಳು ಈ ಮಕ್ಕಳ ಪಿತ್ರಾರ್ಜಿತ. ಆ ದನಿಗಳನ್ನು ವಿಭಾಗದಲ್ಲಿ ಕೂತು ಕೇಳುವ ಏರ್ಪಾಡು ಮಾಡಲು ಎರಡು ಕಚೇರಿಗಳ ನಡುವೆ ಒಂದು ಪತ್ರ ಓಡಾಡಿದರೆ ಸಾಕು.

ಮಠಗಳಿಗೆ ನಾನು ಹೆಚ್ಚು ಹೇಳಬೇಕಿಲ್ಲ. ನಿಮ್ಮಲ್ಲಿ ದಾಸೋಹ ನಡೆಯುತ್ತಿದೆ. ಸಂಗೀತ ಕಲಿಯುವ ನಾಲ್ಕು ಮಕ್ಕಳಿಗೆ ಎರಡು ಹೊತ್ತು ತಾಟು ಹಾಕಿ, ಅವರು ಪ್ರಾಂಗಣದಲ್ಲಿ ನಸುಕಿನಲ್ಲಿ ಖರ್ಜ ಹಚ್ಚಿದರೆ ಗದರಬೇಡಿ.

ನನ್ನ ಜೊತೆಯ ಮಾಸ್ತರರೇ, ನಿಮ್ಮನ್ನು ನಾನು ಬೈಯಲಾರೆ. ನಿಮ್ಮ ಸಂಬಳದ ಬಿಲ್ಲು ಎಲ್ಲಿ ಸಿಕ್ಕಿಬಿದ್ದಿರುತ್ತದೆಂದು ಬಲ್ಲೆ. ಆದರೂ ಒಬ್ಬ ಹುಡುಗಿ ನಗುತ್ತ ದಿಂಬಿನ ಮಾತು ಹೇಳಿದರೆ ಜೊತೆಗೆ ನಗಬೇಡಿ.

ವಿದ್ಯಾರ್ಥಿಗಳೇ, ಕೇಳಿ. ಕೇಳುವುದು ಉದ್ಧಟತನವಲ್ಲ. ಕಪಾಟಿನ ಕೀಲಿ ಯಾರ ಹತ್ತಿರ ಇದೆ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ನಿಮ್ಮಲ್ಲೇ ದನಿ ಇಳಿದವರು, ಊಟ ಬಿಟ್ಟವರು ಯಾರೆಂದು ನಮಗಿಂತ ಮೊದಲು ನಿಮಗೆ ತಿಳಿಯುತ್ತದೆ; ಸ್ಟೇಷನ್ನಿನವರೆಗೆ ಅವರ ಜೊತೆ ನಡೆಯಿರಿ.

ನನ್ನ ಪಾಲಿನದು ಇಷ್ಟು. ಬರುವ ಸೋಮವಾರ ಮುಂಜಾನೆ ಐದಕ್ಕೆ ತಬಲಾ ಜೋಡಿ ತೆಗೆದುಕೊಂಡು ನನ್ನ ಹಳೆಯ ವಿಭಾಗದ ಮೆಟ್ಟಿಲ ಮೇಲೆ ಕೂಡುತ್ತೇನೆ. ದಿನಾಲೂ ಕೂಡುತ್ತೇನೆ. ಸುತ್ತಿಗೆ, ಹೊಸ ಪುಡಿ, ಮೀರಜದಿಂದ ತರಿಸಿದ ಎರಡು ಸೆಟ್ ತಂತಿ ಚೀಲದಲ್ಲಿವೆ. ಚಳಿ ಇದೆ, ಶಾಲು ತನ್ನಿ. ಯಾವ ಪಟ್ಟಿಯಲ್ಲಿ ಹಾಡಿದರೂ ಸರಿ, ತಬಲಾ ಕೂಡಿಸಿಕೊಳ್ಳುತ್ತೇನೆ. ಕೀಲಿ ಇದ್ದವರು ಬಂದರೆ ಒಳಗೆ ಕೂಡುತ್ತೇವೆ. ಇಲ್ಲದಿದ್ದರೆ ಮೆಟ್ಟಿಲ ಮೇಲೆಯೇ.